ಚೊಗರು ಮತ್ತು ಬಣ್ಣ

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಅಡಿಕೆ ಮಾರುವುದೆಂದರೆ ಟೆಂಡರಿಗೆ ಇಡುವುದು. ಮಂಡಿಯಲ್ಲಿ ಒಬ್ಬೊಬ್ಬ ಬೆಳೆಗಾರನ ಮಾಲೂ ಒಂದೊಂದು ಲಾಟಾಗಿ ಕೂರುತ್ತದೆ. ಖರೀದಿದಾರರು ಚೀಲದ ಬಾಯಿ ಬಿಚ್ಚಿಸಿ, ಒಳಗೆ ಕೈ ಹಾಕಿ ಒಂದು ಹಿಡಿ ತೆಗೆದು, ಬಣ್ಣ ನೋಡಿ, ಒಡೆದು ತಿರುಳು ನೋಡಿ, ತಮಗೆ ಸರಿ ಕಂಡ ಧಾರಣೆಯನ್ನು ಗುಟ್ಟಾಗಿ ಬರೆದು ಕೊಡುತ್ತಾರೆ. ಯಾರು ಎಷ್ಟು ಬರೆದರೆಂಬುದು ಇನ್ನೊಬ್ಬರಿಗೆ ತಿಳಿಯುವುದಿಲ್ಲ. ಹೊತ್ತು ಮುಗಿದ ಮೇಲೆ ಹೆಚ್ಚು ಬರೆದವನ ಹೆಸರಿಗೆ ಮಾಲು; ದರ ಒಪ್ಪದಿದ್ದರೆ ಬೆಳೆಗಾರ ಕೊಡದೆ ಉಳಿಯಬಹುದು. 1939ರಲ್ಲಿ ಶುರುವಾದ ಮ್ಯಾಮ್ಕೋಸ್‌ನಂಥ ಸಹಕಾರ ಸಂಘಗಳ ಕಾಲದಿಂದಲೂ ಮಲೆನಾಡಿನ ವ್ಯವಹಾರದ ಬೆನ್ನೆಲುಬು ಇದೇ. ಈಚೆಗೆ ಚೀಟಿಯ ಜಾಗಕ್ಕೆ ಕಂಪ್ಯೂಟರ್ ಬಂದಿದೆ. ರಾಶಿ ಇಡಿ, ಬೆಟ್ಟೆ, ಸರಕು, ಗೊರಬಲು, ಚಾಲಿ ಎಂಬ ಅಡಿಕೆಯ ಬಗೆಗಳ ಆ ದಿನದ ಧಾರಣೆ ಸಂಜೆಯೊಳಗೆ ಎಲ್ಲರ ಮೊಬೈಲಿನಲ್ಲಿರುತ್ತದೆ. ಚೀಲಕ್ಕೆ ಕೈ ಹಾಕಿ ನೋಡುವ ಪದ್ಧತಿ ಮಾತ್ರ ಬದಲಾಗಿಲ್ಲ.

ಆ ಧಾರಣೆಯನ್ನು ನೋಡಲು ಮೊಬೈಲು ತೆರೆದ ಕ್ಷಣದಲ್ಲಿ ಇನ್ನೊಂದು ಹರಾಜು ನಡೆದು ಮುಗಿದಿರುತ್ತದೆ. ಪುಟದಲ್ಲಿ ಜಾಹೀರಾತಿಗೆಂದು ಬಿಟ್ಟ ಒಂದು ಖಾಲಿ ಚೌಕವಿದೆ ಎಂಬ ಸುದ್ದಿ ದೂರದ ಗಣಕಗಳಿಗೆ ಹೋಗುತ್ತದೆ. ನೋಡುತ್ತಿರುವವರು ಯಾವ ಊರಿನ ಸುತ್ತಿನವರು, ಯಾವ ಬಗೆಯ ಫೋನು, ಈಚೆಗೆ ಏನೇನು ಹುಡುಕಿದ್ದಾರೆ ಎಂಬ ಅಂದಾಜು ವಿವರ ಅದರ ಜತೆಗಿರುತ್ತದೆ. ಆ ಚೌಕಕ್ಕಾಗಿ ಹಲವು ಕಂಪನಿಗಳ ಪರವಾಗಿ ಯಂತ್ರಗಳು ದರ ಕೂಗುತ್ತವೆ, ಒಂದು ಗೆಲ್ಲುತ್ತದೆ, ಅದರ ಚಿತ್ರ ಚೌಕದಲ್ಲಿ ಮೂಡುತ್ತದೆ. ಇದಕ್ಕೆಲ್ಲ ಹಿಡಿಯುವ ಸಮಯ ಸುಮಾರು ಸೆಕೆಂಡಿನ ಹತ್ತನೇ ಒಂದು ಭಾಗ. ಆಗುಂಬೆಯ ಮಳೆಯಲ್ಲಿ ಸಿಗ್ನಲ್ಲು ಒದ್ದಾಡುತ್ತಿದ್ದರೂ ಹರಾಜು ಮಾತ್ರ ತಪ್ಪುವುದಿಲ್ಲ. ಮನುಷ್ಯ ಕಟ್ಟಿದ ಮಾರುಕಟ್ಟೆಗಳಲ್ಲಿ ಇಷ್ಟು ವೇಗದ್ದು, ಇಷ್ಟು ಸಣ್ಣ ಮಾಲಿನದು ಬೇರೆ ಹೆಚ್ಚು ಇರಲಾರವು. ಇಲ್ಲಿ ಮಾರಾಟವಾಗುವುದು ಒಬ್ಬ ವ್ಯಕ್ತಿಯ ಒಂದೆರಡು ಕ್ಷಣದ ಗಮನ, ಅಷ್ಟೆ.

ಇದು ಒಂದೇ ಸಲಕ್ಕೆ ಹುಟ್ಟಿದ ವ್ಯವಸ್ಥೆಯಲ್ಲ. 1994ರ ಅಕ್ಟೋಬರಿನಲ್ಲಿ ಅಮೆರಿಕದ ಹಾಟ್‌ವೈರ್ಡ್ ಎಂಬ ಜಾಲಪತ್ರಿಕೆ ತನ್ನ ಪುಟದ ಮೇಲೆ ಪಟ್ಟಿಯಾಕಾರದ ಜಾಹೀರಾತುಗಳನ್ನು ಹಾಕಿದಾಗ ಅದು ಪತ್ರಿಕೆಯಲ್ಲಿ ಜಾಗ ಕೊಂಡಷ್ಟೇ ಸರಳವಾಗಿತ್ತು. ಅದೇ ವರ್ಷ ನೆಟ್‌ಸ್ಕೇಪ್ ಕಂಪನಿಯ ಲೂ ಮಾಂಟುಲಿ ಎಂಬ ಎಂಜಿನಿಯರ್ ಕುಕಿ ಎಂಬ ಪುಟ್ಟ ಗುರುತುಚೀಟಿಯನ್ನು ರೂಪಿಸಿದರು. ಜಾಲತಾಣಕ್ಕೆ ಮರಳಿ ಬಂದವರನ್ನು ಗುರುತು ಹಿಡಿಯಲೆಂದು ಮಾಡಿದ ಆ ಚೀಟಿ ಮುಂದೆ, ಒಬ್ಬರು ಎಲ್ಲೆಲ್ಲಿ ಅಲೆದರು ಎಂದು ಬೇರೆಯವರು ಲೆಕ್ಕ ಇಡುವುದಕ್ಕೂ ಒದಗಿತು. 1998ರಲ್ಲಿ ಬಿಲ್ ಗ್ರಾಸ್ ಅವರ ಗೋಟು ಡಾಟ್ ಕಾಮ್ ಹುಡುಕಾಟದ ಫಲಿತಾಂಶಗಳ ಜಾಗವನ್ನೇ ಹರಾಜಿಗಿಟ್ಟು, ಯಾರಾದರೂ ಜಾಹೀರಾತನ್ನು ಒತ್ತಿದರೆ ಮಾತ್ರ ಹಣ ಎಂಬ ಕ್ರಮವನ್ನು ಚಾಲ್ತಿಗೆ ತಂದಿತು. ಗೂಗಲ್ 2000ದಲ್ಲಿ ತನ್ನ ಜಾಹೀರಾತು ಸೇವೆಯನ್ನು ಆರಂಭಿಸಿ, 2002ರಲ್ಲಿ ಅದಕ್ಕೊಂದು ತಿರುವು ಕೊಟ್ಟಿತು. ಈ ಲೇಖನದ ವಿಷಯ ನಿಂತಿರುವುದು ಆ ತಿರುವಿನ ಮೇಲೆ.

ಗೋಟುವಿನ ಹರಾಜಿನಲ್ಲಿ ಹೆಚ್ಚು ಕೂಗಿದವನಿಗೆ ಮೇಲಿನ ಜಾಗ. ಗೂಗಲ್ ಅದಕ್ಕೆ ಎರಡನೆಯ ಅಂಶವೊಂದನ್ನು ಗುಣಿಸಿತು: ನೂರು ಜನಕ್ಕೆ ತೋರಿಸಿದರೆ ಎಷ್ಟು ಜನ ಒತ್ತುತ್ತಾರೆ ಎಂಬ ಪ್ರಮಾಣ. ಒತ್ತಿದಾಗ ಮಾತ್ರ ಹಣ ಬರುವುದರಿಂದ, ಯಾರೂ ಒತ್ತದ ದುಬಾರಿ ಜಾಹೀರಾತಿಗಿಂತ ಹಲವರು ಒತ್ತುವ ಅಗ್ಗದ ಜಾಹೀರಾತೇ ಲಾಭ ಎಂಬುದು ಇದರ ಲೆಕ್ಕ. ಜನರಿಗೆ ಬೇಕಾದದ್ದೇ ಮೇಲೆ ಬರಲಿ ಎಂಬ ಸದುದ್ದೇಶವೂ ಇದರಲ್ಲಿತ್ತು. ಗೆದ್ದವನು ತಾನು ಕೂಗಿದಷ್ಟನ್ನೂ ಕೊಡಬೇಕಿಲ್ಲ, ತನ್ನ ಕೆಳಗಿನವನನ್ನು ಮೀರಲು ಬೇಕಾದಷ್ಟು ಕೊಟ್ಟರೆ ಸಾಕು ಎಂಬುದು ಇನ್ನೊಂದು ನಿಯಮ. ಇದರ ಬೇರು 1961ರಲ್ಲಿ ಅರ್ಥಶಾಸ್ತ್ರಜ್ಞ ವಿಲಿಯಂ ವಿಕ್ರಿ ಬರೆದ ಪ್ರಬಂಧದಲ್ಲಿದೆ. 1996ರಲ್ಲಿ ಅವರಿಗೆ ನೊಬೆಲ್ ಬಂತು. ಇಂದಿನ ಹರಾಜುಗಳು ಇನ್ನೂ ಜಟಿಲವಾಗಿವೆ, ಕೆಲವು ಬೇರೆ ನಿಯಮಕ್ಕೆ ಹೊರಳಿವೆ. ಆದರೆ ಕೂಗಿದ ದರವನ್ನು ಒತ್ತುವ ಸಂಭವದಿಂದ ಗುಣಿಸುವ ತಿರುಳು ಬಹುತೇಕ ಕಡೆ ಉಳಿದಿದೆ.

ಒಂದು ಕಲ್ಪಿತ ಲೆಕ್ಕದಲ್ಲಿ ಇದರ ಪರಿಣಾಮ ಚೆನ್ನಾಗಿ ಕಾಣುತ್ತದೆ. ಸಾಗರ ಪೇಟೆಯ ಒಂದು ಚಿಕಿತ್ಸಾಲಯ, ಸಕ್ಕರೆ ಕಾಯಿಲೆಯ ತಪಾಸಣೆ ಮಾಡಲಾಗುತ್ತದೆ ಎಂದು ಜಾಹೀರಾತು ಕೊಟ್ಟು, ಒಂದು ಒತ್ತಿಗೆ 10 ರೂಪಾಯಿ ಕೂಗುತ್ತದೆ ಎನ್ನೋಣ. ನೂರರಲ್ಲಿ ಒಬ್ಬರು ಒತ್ತಿದರೆ ನೂರು ಪ್ರದರ್ಶನಕ್ಕೆ ಬರುವ ಹಣ 10 ರೂಪಾಯಿ. ಎಲ್ಲಿಯವನೋ ಗೊತ್ತಿಲ್ಲದ ಇನ್ನೊಬ್ಬ, ಹದಿನೈದು ದಿನದಲ್ಲಿ ಸಕ್ಕರೆ ಕಾಯಿಲೆ ಬುಡಸಮೇತ ಮಾಯ ಎಂದು ಬರೆದು, ಬರೀ 4 ರೂಪಾಯಿ ಕೂಗುತ್ತಾನೆ. ಆಸೆ ಯಾರನ್ನು ಬಿಟ್ಟೀತು? ನೂರರಲ್ಲಿ ಐವರು ಒತ್ತುತ್ತಾರೆ. ನೂರು ಪ್ರದರ್ಶನಕ್ಕೆ 20 ರೂಪಾಯಿ. ಗೆಲ್ಲುವವನು ಎರಡನೆಯವನು. ಚಿಕಿತ್ಸಾಲಯದ 10 ರೂಪಾಯಿಯನ್ನು ಸರಿಗಟ್ಟಲು ಐದು ಒತ್ತುಗಳಿಂದ ತಲಾ 2 ರೂಪಾಯಿ ಬಂದರೆ ಸಾಕಾದ್ದರಿಂದ, ಅವನು ಕೊಡಬೇಕಾದದ್ದು ಒಂದು ಒತ್ತಿಗೆ 2 ರೂಪಾಯಿಯ ಆಸುಪಾಸು. ಅದೇ ಜಾಗ ಚಿಕಿತ್ಸಾಲಯಕ್ಕೆ ಬೇಕೆಂದರೆ ಒಂದು ಒತ್ತಿಗೆ 20 ರೂಪಾಯಿ ಮೀರಬೇಕು. ಅಂದರೆ ಒಂದೇ ಚೌಕಕ್ಕೆ, ಒಂದೇ ಯಂತ್ರ, ನಿಜ ಹೇಳಿದವನಿಂದ ಸುಳ್ಳು ಹೇಳಿದವನ ಹತ್ತು ಪಟ್ಟು ಬೆಲೆ ಕೇಳುತ್ತದೆ. ಯಂತ್ರಕ್ಕೆ ಇದರಲ್ಲಿ ಯಾವ ದುರುದ್ದೇಶವೂ ಇಲ್ಲ. ಅದು ಒತ್ತುಗಳನ್ನು ಎಣಿಸಬಲ್ಲದು. ಚೀಲಕ್ಕೆ ಕೈ ಹಾಕುವುದು ಅದಕ್ಕೆ ಬಾರದು.

ಜಾಹೀರಾತು ಕಂಪನಿಗಳಿಗೆ ಈ ದೋಷ ತಿಳಿಯದ್ದೇನಲ್ಲ. ಒತ್ತಿದ ಮೇಲೆ ತೆರೆಯುವ ಪುಟ ಹೇಗಿದೆ, ಬಂದವರು ತಕ್ಷಣ ಹಿಂತಿರುಗಿದರೋ ಎಂಬಂಥ ಅಂಶಗಳನ್ನೂ ಅವು ಲೆಕ್ಕಕ್ಕೆ ಸೇರಿಸಿವೆ. ನಿಷಿದ್ಧ ಸರಕುಗಳ ಪಟ್ಟಿ ಮಾಡಿ, ಪ್ರತಿ ಜಾಹೀರಾತನ್ನೂ ಯಂತ್ರದಿಂದ ಸೋಸುತ್ತವೆ. ಸೋಸಿದ ಪ್ರಮಾಣವೇ ದಿಗಿಲು ಹುಟ್ಟಿಸುವಷ್ಟಿದೆ. 2024ರ ಒಂದೇ ವರ್ಷದಲ್ಲಿ ಗೂಗಲ್ ಜಗತ್ತಿನಾದ್ಯಂತ 510 ಕೋಟಿ ಜಾಹೀರಾತುಗಳನ್ನು ತಡೆದು ಸುಮಾರು 3.9 ಕೋಟಿ ಜಾಹೀರಾತುದಾರರ ಖಾತೆಗಳನ್ನು ಅಮಾನತಿನಲ್ಲಿಟ್ಟಿತು. ಭಾರತದ ಪಾಲು 24.7 ಕೋಟಿ ಜಾಹೀರಾತು, 29 ಲಕ್ಷ ಖಾತೆ. ಇವು ಕಂಪನಿಯೇ ಕೊಟ್ಟ ಅಂಕಿಗಳು. ಜರಡಿಯಲ್ಲಿ ನಿಂತದ್ದು ಎಷ್ಟೆಂದು ಅವು ಹೇಳುತ್ತವೆ, ಕೆಳಗೆ ಜಾರಿದ್ದು ಎಷ್ಟೆಂದು ಹೇಳುವುದಿಲ್ಲ.

ಹಾಗಾದರೆ ಎಲ್ಲಿಯವರೆಗೆ ಅದು ಜಾಹೀರಾತು, ಎಲ್ಲಿಂದ ಮುಂದೆ ವಂಚನೆ? ಅಡಿಕೆಯನ್ನು ಬಲ್ಲವರಿಗೆ ಈ ಗೆರೆ ಹೊಸದಲ್ಲ. ಸುಲಿದ ಹಸಿ ಅಡಿಕೆಯನ್ನು ಬೇಯಿಸಿದ ನೀರು ಮತ್ತೆ ಮತ್ತೆ ಬೆಂದು ಗಟ್ಟಿಯಾದಾಗ ಕೆಂಪನೆಯ ಚೊಗರಾಗುತ್ತದೆ. ಅದನ್ನು ಬೆಂದ ಅಡಿಕೆಗೆ ಬೆರೆಸಿ ಒಣಗಿಸಿದರೆ ಕೆಂಪಡಿಕೆಗೆ ಒಳ್ಳೆಯ ಮೆರುಗು. ಚೊಗರು ಹಾಕಿದ್ದನ್ನು ಯಾರೂ ಮೋಸವೆನ್ನುವುದಿಲ್ಲ, ಅದು ಅಡಿಕೆಯದೇ ರಸ, ಹಾಕಿದ್ದಾರೆಂಬುದು ಕೊಳ್ಳುವವನಿಗೂ ಗೊತ್ತು. ಕಳಪೆ ಮಾಲಿಗೆ ಹೊರಗಿನ ಕೃತಕ ಬಣ್ಣ ಹಾಕಿ ರಾಶಿಗೆ ಬೆರೆಸುವುದು ಬೇರೆ ಮಾತು. ಜಾಹೀರಾತಿನ ನಿಯಮಗಳೂ ಇಂಥದ್ದೇ ಭೇದವನ್ನು ಮಾಡುತ್ತವೆ. 1985ರಲ್ಲಿ ಸ್ಥಾಪನೆಯಾದ ಭಾರತೀಯ ಜಾಹೀರಾತು ಮಾನದಂಡ ಮಂಡಳಿಯ ಸಂಹಿತೆಯಲ್ಲಿ, ನೋಡಿದೊಡನೆ ಉತ್ಪ್ರೇಕ್ಷೆಯೆಂದು ತಿಳಿಯುವ, ನಗಿಸಲೋ ಗಮನ ಸೆಳೆಯಲೋ ಹೇಳಿದ ಮಾತಿಗೆ ಅವಕಾಶವಿದೆ. ಈ ಉಪ್ಪಿನಕಾಯಿಯ ಪರಿಮಳಕ್ಕೆ ಪಕ್ಕದ ಮನೆಯವರು ಗೋಡೆ ಹಾರಿ ಬಂದರು ಎಂದರೆ ಅದು ಚೊಗರು. ಇದನ್ನು ತಿಂದರೆ ರಕ್ತದೊತ್ತಡ ಇಳಿಯುತ್ತದೆ ಎಂದರೆ ಬಣ್ಣ.

ಔಷಧಿಯ ವಿಷಯದಲ್ಲಿ ದೇಶದ ಕಾನೂನು ಅಂತರ್ಜಾಲಕ್ಕಿಂತ ಬಹಳ ಹಳೆಯದು. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯ ಅನುಸೂಚಿಯಲ್ಲಿ ಕ್ಯಾನ್ಸರ್, ಮಧುಮೇಹ, ಅಪಸ್ಮಾರ ಸೇರಿ 54 ಬಾಬುಗಳಿವೆ. ಅವನ್ನು ಗುಣಪಡಿಸುವುದಾಗಿ ಜಾಹೀರಾತು ಕೊಡುವುದೇ ನಿಷಿದ್ಧ. ಜಾಹೀರಾತು ಎಂದರೇನು ಎಂದು ವಿವರಿಸುವಾಗ ಆ ಕಾಯ್ದೆ ಕರಪತ್ರ, ಹೊದಿಕೆ, ಬಾಯಿಮಾತಿನ ಘೋಷಣೆಗಳ ಜತೆಗೆ ಬೆಳಕು, ಧ್ವನಿ ಅಥವಾ ಹೊಗೆಯ ಮೂಲಕ ಸಾರುವುದನ್ನೂ ಸೇರಿಸುತ್ತದೆ. ಗಾಜಿನ ಹಿಂದೆ ಬೆಳಗುವ ಮೊಬೈಲಿನ ಪರದೆಯೂ ಬೆಳಕೇ ತಾನೆ. 1954ರಲ್ಲಿ ಹೊಗೆಯನ್ನೂ ಬಿಡದೆ ಯೋಚಿಸಿದ ಕರಡುಗಾರರನ್ನು ಮೆಚ್ಚಬೇಕು.

ಸಾಗರ ತಾಲ್ಲೂಕಿನವರಿಗೆ ಇದು ಬರೀ ಪುಸ್ತಕದ ವಿಷಯವಲ್ಲ. ಆನಂದಪುರದ ಹತ್ತಿರದ ನರಸೀಪುರದಲ್ಲಿ ವೈದ್ಯ ನಾರಾಯಣಮೂರ್ತಿಯವರು ಕೊಡುತ್ತಿದ್ದ ನಾಟಿ ಔಷಧಿಗಾಗಿ, ಅದರಲ್ಲೂ ಕ್ಯಾನ್ಸರ್ ರೋಗಿಗಳು, ದೇಶದ ದೂರದ ಮೂಲೆಗಳಿಂದ ಬಂದು ಸಾಲುಗಟ್ಟಿ ನಿಲ್ಲುತ್ತಿದ್ದರು. 2020ರಲ್ಲಿ ಅವರು ತೀರಿಕೊಳ್ಳುವವರೆಗೂ ಆ ಸಾಲು ಬಾಯಿಂದ ಬಾಯಿಗೆ ಹರಡಿದ ಮಾತಿನಿಂದ ಬೆಳೆಯಿತು. ಔಷಧಿಯ ಗುಣ ಎಂಥದ್ದೆಂಬುದು ಬೇರೆಯೇ ಪ್ರಶ್ನೆ; ಅದನ್ನು ತೀರ್ಮಾನಿಸಬೇಕಾದ್ದು ವೈದ್ಯಕೀಯ ಪರೀಕ್ಷೆಗಳು, ಜನಪ್ರಿಯತೆಯಲ್ಲ. ಆದರೆ ಬಾಯಿಮಾತಿಗೆ ಒಂದು ಮುಖವಿರುತ್ತದೆ: ಹೇಳಿದವರು ನೆಂಟರೋ ಪರಿಚಯದವರೋ ಆಗಿರುತ್ತಾರೆ, ಸುಳ್ಳಾದರೆ ಮರುದಿನ ಅವರ ಮನೆ ಬಾಗಿಲಿಗೆ ಹೋಗಿ ಕೇಳಬಹುದು. ಪರದೆಯ ಮೇಲೆ ಕ್ಯಾನ್ಸರಿಗೆ ಮಲೆನಾಡಿನ ಮೂಲಿಕೆ ಎಂದು ಬರುವ ಚೌಕದ ಹಿಂದೆ ಯಾವ ಬಾಗಿಲಿದೆಯೆಂದು ಕಾಣುವುದಿಲ್ಲ. ಮಲೆನಾಡು ಎಂಬ ಹೆಸರೇ ಅಲ್ಲಿ ಮಾರಾಟದ ಸರಕಾಗಿಬಿಡುತ್ತದೆ, ಹಿನ್ನೆಲೆಯಲ್ಲಿ ಜೋಗದ ಚಿತ್ರವೊಂದಿದ್ದರೆ ಮುಗಿಯಿತು.

ನಿಯಮವನ್ನು ನೇರವಾಗಿ ಮುರಿಯದೆ ಪಕ್ಕದಿಂದ ನುಸುಳುವ ಇನ್ನೊಂದು ಬಗೆಯಿದೆ, ಮತ್ತು ಅದರ ಕಚ್ಚಾ ಮಾಲು ಇದೇ ಸೀಮೆಯ ತೋಟಗಳಿಂದ ಹೋಗುತ್ತದೆ. ಇಲ್ಲಿನ ಕೆಂಪಡಿಕೆಯ ದೊಡ್ಡ ಗ್ರಾಹಕರು ಉತ್ತರ ಭಾರತದ ಪಾನ್ ಮಸಾಲ ತಯಾರಕರು. ತಂಬಾಕಿನ ಜಾಹೀರಾತನ್ನು 2003ರ ಕಾಯ್ದೆ ನಿಷೇಧಿಸಿದೆ. ಆದ್ದರಿಂದ ತಂಬಾಕಿನ ಪೊಟ್ಟಣದ್ದೇ ಹೆಸರು, ಅದೇ ಬಣ್ಣ, ಅದೇ ಅಕ್ಷರವಿನ್ಯಾಸದಲ್ಲಿ ಏಲಕ್ಕಿಯದೋ ಪಾನ್ ಮಸಾಲದ್ದೋ ಪೊಟ್ಟಣ ಪರದೆಗೆ ಬರುತ್ತದೆ. ನೆನಪಾಗಬೇಕಾದದ್ದು ಬೇರೆ ಏನೋ. ಇದನ್ನು ಮರೆಯ ಜಾಹೀರಾತು ಎನ್ನಬಹುದು. 2021ರ ಅಕ್ಟೋಬರಿನಲ್ಲಿ ಅಮಿತಾಭ್ ಬಚ್ಚನ್ ಪಾನ್ ಮಸಾಲ ಕಂಪನಿಯೊಂದರ ಪ್ರಚಾರದಿಂದ ಹಿಂದೆ ಸರಿದಾಗ, ಅದು ಮರೆಯ ಜಾಹೀರಾತಿನ ವ್ಯಾಪ್ತಿಗೆ ಬರುತ್ತದೆಂದು ಮೊದಲು ತಿಳಿದಿರಲಿಲ್ಲವೆಂಬ ಕಾರಣ ಹೊರಬಂತು. 2022ರ ಏಪ್ರಿಲ್‌ನಲ್ಲಿ ಅಕ್ಷಯ್ ಕುಮಾರ್ ಏಲಕ್ಕಿಯ ಜಾಹೀರಾತೊಂದರ ಬಗ್ಗೆ ಅಭಿಮಾನಿಗಳ ಕ್ಷಮೆ ಕೇಳಿ ಹೊರಬಂದರು. ಅದೇ ವರ್ಷದ ಜೂನ್ 9ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿ ಮರೆಯ ಜಾಹೀರಾತನ್ನು ಸ್ಪಷ್ಟವಾಗಿ ನಿಷೇಧಿಸಿತು. ಸುಳ್ಳು ಜಾಹೀರಾತಿಗೆ ಈ ಪ್ರಾಧಿಕಾರ ಮೊದಲ ಸಲ 10 ಲಕ್ಷ, ಮರುಕಳಿಸಿದರೆ 50 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ಪ್ರಚಾರಕ್ಕೆ ಮುಖ ಕೊಟ್ಟವರನ್ನು ಒಂದರಿಂದ ಮೂರು ವರ್ಷ ಆ ಕೆಲಸದಿಂದ ದೂರವಿಡಬಹುದು. ಅಡಿಕೆ ಬೆಳೆದವರಿಗೆ ಇದರಲ್ಲಿ ಒಂದು ಕಷ್ಟದ ಕಡೆಯೂ ಇದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ಸಂಪುಟದಲ್ಲಿ ಅಡಿಕೆಯನ್ನೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಆ ತೀರ್ಮಾನವನ್ನು ಮಲೆನಾಡಿನ ಬೆಳೆಗಾರರು ಒಪ್ಪಿಲ್ಲ. ಅವರ ತೋಟದ ಬೆಲೆಯೂ ಆ ಏಲಕ್ಕಿಯ ಪೊಟ್ಟಣದ ಜಾಹೀರಾತೂ ಒಂದೇ ಹಗ್ಗದ ಎರಡು ತುದಿಗಳೆಂಬುದನ್ನು ಮಾತ್ರ ಯಾರೂ ಅಲ್ಲಗಳೆಯಲಾರರು.

ಇನ್ನು ಮಾತಿಗಿಂತ ವಿನ್ಯಾಸದಲ್ಲೇ ಮೋಸವಿರುವ ಬಗೆ. 2025ರ ಜುಲೈ 14ರಂದು ಶರಾವತಿ ಹಿನ್ನೀರಿನ ಮೇಲೆ 2.44 ಕಿಲೋಮೀಟರ್ ಉದ್ದದ ಸೇತುವೆ ಸಂಚಾರಕ್ಕೆ ತೆರೆದು ಸಿಗಂದೂರಿನ ದಾರಿ ಸಲೀಸಾಯಿತು. ಜೋಗ, ಕೊಡಚಾದ್ರಿ, ಆಗುಂಬೆಗಳಿಗೆ ಮಳೆಗಾಲದಲ್ಲಿ ಬರುವವರಂತೂ ಮೊದಲಿನಿಂದಲೂ ಇದ್ದಾರೆ. ಹೀಗೆ ಬರುವವರು ಹೋಂಸ್ಟೇ ಹುಡುಕುವಾಗ ಪರದೆಯಲ್ಲಿ, ಇನ್ನು ಒಂದೇ ಕೋಣೆ ಉಳಿದಿದೆ ಎಂಬ ಕೆಂಪಕ್ಷರ ಮಿನುಗುತ್ತದೆ; 1,500 ರೂಪಾಯಿ ಎಂದು ಕಂಡ ಬಾಡಿಗೆ, ಹಣ ಕಟ್ಟುವ ಪುಟಕ್ಕೆ ಬರುವಷ್ಟರಲ್ಲಿ ಸೇವಾಶುಲ್ಕ, ಅನುಕೂಲ ಶುಲ್ಕ ಎಂದು ಬೆಳೆದಿರುತ್ತದೆ. ಇವುಗಳಿಗೆ ಕಪಟ ವಿನ್ಯಾಸ ಎಂದು ಹೆಸರು. ಮನಸ್ಸು ಆತುರದಲ್ಲಿ ಹೇಗೆ ನಿರ್ಧರಿಸುತ್ತದೆ, ಅರ್ಧ ದಾರಿ ಬಂದ ಮೇಲೆ ಹಿಂತಿರುಗಲು ಹೇಗೆ ಹಿಂಜರಿಯುತ್ತದೆ ಎಂಬ ಮನೋವಿಜ್ಞಾನವೇ ಇದರ ಬಂಡವಾಳ. ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2023ರ ನವೆಂಬರ್ 30ರ ಅಧಿಸೂಚನೆ ಇಂಥ 13 ಬಗೆಗಳನ್ನು ಹೆಸರಿಸಿ ನಿಷೇಧಿಸಿತು. ಸುಳ್ಳು ತುರ್ತು, ಹಂತಹಂತವಾಗಿ ಏರಿಸುವ ಬೆಲೆ, ಕೇಳದೆ ಬುಟ್ಟಿಗೆ ಸೇರಿಸುವುದು, ಬೇಡವೆಂದವರನ್ನು ನಾಚಿಸುವುದು ಎಲ್ಲವೂ ಆ ಪಟ್ಟಿಯಲ್ಲಿವೆ. 2025ರ ಜೂನ್‌ನಲ್ಲಿ ಪ್ರಾಧಿಕಾರ, ಮೂರು ತಿಂಗಳೊಳಗೆ ತಮ್ಮ ತಾಣಗಳನ್ನು ತಾವೇ ತಪಾಸಣೆ ಮಾಡಿಕೊಳ್ಳಬೇಕೆಂದು ಮಾರಾಟ ವೇದಿಕೆಗಳಿಗೆ ಸೂಚಿಸಿತು. ಕೋಣೆ ನಿಜವಾಗಿಯೂ ಒಂದೇ ಉಳಿದಿದ್ದರೆ ಹಾಗೆ ಹೇಳುವುದರಲ್ಲಿ ತಪ್ಪಿಲ್ಲ ಎಂಬುದನ್ನೂ ಗಮನಿಸಬೇಕು: ಅಕ್ಷರ ಒಂದೇ, ಕೋಣೆಯ ಬಾಗಿಲು ತೆರೆದು ನೋಡಿದಾಗಷ್ಟೇ ನಿಯಮ ಮುರಿದಿದೆಯೋ ಇಲ್ಲವೋ ಗೊತ್ತಾಗುವುದು.

ಮೋಸ ಗ್ರಾಹಕರ ಕಡೆಗೆ ಮಾತ್ರ ಹರಿಯುವುದಿಲ್ಲ. ಒತ್ತಿದರೆ ಹಣ ಎಂಬ ನಿಯಮ ಇದ್ದಲ್ಲೆಲ್ಲ ಸುಮ್ಮಸುಮ್ಮನೆ ಒತ್ತುವವರೂ ಹುಟ್ಟುತ್ತಾರೆ. ದಿನಕ್ಕೆ ಕೆಲವು ನೂರು ರೂಪಾಯಿ ಮೀಸಲಿಟ್ಟ ಸಣ್ಣ ಹೋಂಸ್ಟೇಯ ಜಾಹೀರಾತನ್ನು ಬೇರೆ ಯಾರೋ ಬೆಳಿಗ್ಗೆಯೇ ಮೇಲಿಂದ ಮೇಲೆ ಒತ್ತಿದರೆ ಮಧ್ಯಾಹ್ನದೊಳಗೆ ಆ ದಿನದ ಹಣ ಖಾಲಿ. ದೊಡ್ಡ ಪ್ರಮಾಣದಲ್ಲಿ ಇದನ್ನು ಯಂತ್ರಗಳೇ ಮಾಡುತ್ತವೆ. 2018ರ ನವೆಂಬರಿನಲ್ಲಿ ಅಮೆರಿಕದ ನ್ಯಾಯ ಇಲಾಖೆ ಬಯಲು ಮಾಡಿದ ಜಾಲವೊಂದು, ಸೋಂಕು ತಗುಲಿದ 17 ಲಕ್ಷ ಕಂಪ್ಯೂಟರುಗಳನ್ನು ಅವುಗಳ ಒಡೆಯರಿಗೆ ಗೊತ್ತಿಲ್ಲದಂತೆ ದುಡಿಸಿಕೊಂಡು, ಮನುಷ್ಯರೇ ಇಲ್ಲದ ಪ್ರೇಕ್ಷಕವೃಂದವನ್ನು ಸೃಷ್ಟಿಸಿತ್ತು. ನೋಡುವವರಿಲ್ಲದ ಜಾಹೀರಾತಿಗೆ ನೋಡುವವರ ಲೆಕ್ಕದಲ್ಲಿ ಹಣ ಸಂದಾಯವಾಗುತ್ತಿತ್ತು.

ಜರಡಿ ಇದ್ದರೂ ಸುಳ್ಳು ಜಾರುವುದಕ್ಕೆ ಒಂದು ಕಾರಣ ಮರೆಮುಖ ಎಂಬ ತಂತ್ರ. ಪರೀಕ್ಷಿಸಲು ಬಂದ ಕಂಪನಿಯ ಯಂತ್ರವನ್ನು ಅದರ ವಿಳಾಸದಿಂದ ಗುರುತು ಹಿಡಿದು ಅದಕ್ಕೆ ಒಂದು ಸಾಧು ಪುಟವನ್ನು, ಉದಾಹರಣೆಗೆ ಯೋಗಾಸನದ ಬರಹವನ್ನು ತೋರಿಸುವುದು. ಊರಿನ ಮೊಬೈಲಿನಿಂದ ಒತ್ತಿದವರಿಗೆ ಬೇರೆಯೇ ಪುಟ ತೆರೆಯುವುದು. ಅದರ ಮೇಲೆ ಈಚಿನ ವರ್ಷಗಳಲ್ಲಿ ಕೃತಕ ಬುದ್ಧಿಮತ್ತೆಯಿಂದ ಹೆಣೆದ ನಕಲಿ ವಿಡಿಯೊಗಳು ಸೇರಿಕೊಂಡಿವೆ. ಹಣ ದ್ವಿಗುಣ ಮಾಡುವ ವ್ಯಾಪಾರದ ಆ್ಯಪ್‌ಗಳನ್ನು ಇನ್ಫೊಸಿಸ್‌ನ ಎನ್.ಆರ್. ನಾರಾಯಣಮೂರ್ತಿ ಅವರೇ ಹೊಗಳುತ್ತಿರುವಂತೆ ಕಾಣುವ ವಿಡಿಯೊಗಳು ಹರಡಿದಾಗ, 2023ರ ಡಿಸೆಂಬರಿನಲ್ಲಿ ಅವರು ತಮಗೂ ಅವಕ್ಕೂ ಸಂಬಂಧವಿಲ್ಲವೆಂದು ಸಾರ್ವಜನಿಕವಾಗಿ ಎಚ್ಚರಿಸಬೇಕಾಯಿತು. ಅದೇ ಮುಖ, ಅದೇ ದನಿ. ತುಟಿಯ ಚಲನೆ ಒಂದು ಎಳೆ ಹಿಂದೆ ಮುಂದೆ, ಅಷ್ಟೆ. ಇಂಥದ್ದರಲ್ಲಿ ಹಣ ಕಳೆದುಕೊಂಡವರು ಕೂಡಲೇ 1930 ಸಂಖ್ಯೆಗೆ ಕರೆ ಮಾಡಿದರೆ, ಹಣ ಮುಂದಿನ ಖಾತೆಗೆ ದಾಟುವ ಮುನ್ನ ತಡೆಹಿಡಿಯಲು ಬ್ಯಾಂಕುಗಳಿಗೆ ಸಾಧ್ಯವಾಗಬಹುದು. ಇಲ್ಲಿ ಗಂಟೆಗಳೇ ಲೆಕ್ಕ.

ಭಾಷೆಯ ಪ್ರಶ್ನೆಯೂ ಇದೆ. ಸೋಸುವ ಯಂತ್ರ ಕಲಿಯುವುದು ಹಿಂದಿನ ಉದಾಹರಣೆಗಳಿಂದ. ಯಾವ ಭಾಷೆಯಲ್ಲಿ ಉದಾಹರಣೆ ಕಡಿಮೆಯೋ ಅದರಲ್ಲಿ ಜರಡಿಯ ಕಣ್ಣು ದೊಡ್ಡದು. 2021ರಲ್ಲಿ ಹೊರಬಿದ್ದ ಫೇಸ್‌ಬುಕ್‌ನ ಆಂತರಿಕ ಕಡತಗಳು, ದ್ವೇಷದ ಬರಹವನ್ನು ಪತ್ತೆ ಮಾಡುವ ಯಂತ್ರಗಳು ಹಿಂದಿ, ಬಂಗಾಳಿಯಂಥ ಕೋಟಿಗಟ್ಟಲೆ ಜನರ ಭಾಷೆಗಳಲ್ಲೇ ಬಹುಕಾಲ ಸಾಲದಾಗಿದ್ದವೆಂದು ತೋರಿಸಿದವು. ಕನ್ನಡದಲ್ಲಿ ಒಂದೇ ಕಾಯಿಲೆ ಒಬ್ಬರ ಬಾಯಲ್ಲಿ ಮಧುಮೇಹ, ಇನ್ನೊಬ್ಬರಿಗೆ ಸಕ್ಕರೆ ಕಾಯಿಲೆ, ಮತ್ತೊಬ್ಬರಿಗೆ ಬರೀ ಶುಗರ್ರು. ಮನುಷ್ಯನಿಗೆ ಇದು ತೊಡಕೇ ಅಲ್ಲ. ಯಂತ್ರಕ್ಕೆ ಒಂದೊಂದೂ ಹೊಸ ಪಾಠ.

2025ರ ನವೆಂಬರಿನಲ್ಲಿ ರಾಯ್ಟರ್ಸ್ ಸುದ್ದಿಸಂಸ್ಥೆ ಫೇಸ್‌ಬುಕ್‌ನ ಒಡೆತನ ಹೊಂದಿರುವ ಮೆಟಾ ಕಂಪನಿಯ ಆಂತರಿಕ ದಾಖಲೆಗಳನ್ನು ಆಧರಿಸಿ ಬರೆದ ವರದಿ ಈ ಇಡೀ ವಿಷಯದ ಒಳಗನ್ನು ಬೇರೆ ಯಾವುದಕ್ಕಿಂತ ಚೆನ್ನಾಗಿ ತೆರೆದಿಟ್ಟಿತು. 2024ರ ವರಮಾನದಲ್ಲಿ ಸುಮಾರು ಶೇಕಡ 10ರಷ್ಟು, ಅಂದರೆ 1,600 ಕೋಟಿ ಡಾಲರ್, ವಂಚನೆಯ ಮತ್ತು ನಿಷಿದ್ಧ ಸರಕಿನ ಜಾಹೀರಾತುಗಳಿಂದ ಬರಬಹುದೆಂದು ಕಂಪನಿಯೇ ಒಳಗೊಳಗೆ ಅಂದಾಜು ಮಾಡಿತ್ತು. ಆ ಅಂದಾಜು ಒರಟಾದದ್ದು, ಅಗತ್ಯಕ್ಕಿಂತ ಹೆಚ್ಚಿನದನ್ನು ಒಳಗೊಂಡದ್ದು, ದಾಖಲೆಗಳು ಆಯ್ದ ನೋಟವನ್ನಷ್ಟೇ ಕೊಡುತ್ತವೆ ಎಂದು ಮೆಟಾ ಉತ್ತರಿಸಿತು. ಮೊತ್ತಕ್ಕಿಂತ ಕುತೂಹಲಕರವಾದದ್ದು ಅದರಲ್ಲಿದ್ದ ಒಂದು ನಿಯಮ. ಜಾಹೀರಾತುದಾರ ವಂಚಕನೆಂದು ಯಂತ್ರಕ್ಕೆ ಶೇಕಡ 95ರಷ್ಟು ಖಾತ್ರಿಯಾದರೆ ಮಾತ್ರ ಖಾತೆ ಬಂದ್; ಖಾತ್ರಿ ಅದಕ್ಕಿಂತ ಕಡಿಮೆಯಿದ್ದು ಅನುಮಾನವಿದ್ದರೆ ಅವನಿಂದ ಹೆಚ್ಚು ದರ ವಸೂಲು. ಹರಾಜಿನಲ್ಲಿ ಸುಳ್ಳಿಗೆ ಸಿಗುವ ರಿಯಾಯಿತಿಯನ್ನು ದಂಡದಿಂದ ಸರಿದೂಗಿಸಿ, ವಂಚಕ ತಾನಾಗಿ ದೂರ ಸರಿಯಲೆಂಬುದು ಇದರ ಹಿಂದಿನ ತರ್ಕ. ಗಣಿತವಾಗಿ ಇದು ಅಸಂಬದ್ಧವೇನಲ್ಲ. ಆದರೆ ಬಣ್ಣ ಹಾಕಿದ ಅನುಮಾನವಿರುವ ಚೀಲವನ್ನು ಟೆಂಡರಿನಿಂದ ತೆಗೆಯದೆ, ಅದಕ್ಕೆ ಸ್ವಲ್ಪ ಹೆಚ್ಚು ಕಮಿಷನ್ ಹಿಡಿದು ಸಾಲಿನಲ್ಲೇ ಇಡುವ ಮಂಡಿಯನ್ನು ತೀರ್ಥಹಳ್ಳಿಯಲ್ಲಿ ಎಷ್ಟು ದಿನ ನಡೆಯಗೊಡುತ್ತಿದ್ದರು ಎಂಬ ಪ್ರಶ್ನೆ ಉಳಿಯುತ್ತದೆ.

ಇಂಥ ಮಾರುಕಟ್ಟೆಯಲ್ಲಿ ನ್ಯಾಯವಾಗಿ ವ್ಯಾಪಾರ ಮಾಡುವವರಿಗೆ ಏನಾಗುತ್ತದೆ ಎಂಬುದನ್ನು ಜಾರ್ಜ್ ಅಕರ್ಲಾಫ್ 1970ರಷ್ಟು ಹಿಂದೆಯೇ ಬರೆದಿದ್ದರು. ಅವರು ನೋಡಿದ್ದು ಹಳೆಯ ಕಾರುಗಳ ವ್ಯಾಪಾರವನ್ನು. ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂದು ಕೊಳ್ಳುವವನಿಗೆ ಕಾಣದಿದ್ದಾಗ ಅವನು ಎಲ್ಲಕ್ಕೂ ಸರಾಸರಿ ಬೆಲೆಯನ್ನೇ ಕೊಡುತ್ತಾನೆ. ಆ ಬೆಲೆಗೆ ಒಳ್ಳೆಯದನ್ನು ಮಾರುವವನಿಗೆ ಗಿಟ್ಟುವುದಿಲ್ಲ, ಅವನು ಹೊರಟುಹೋಗುತ್ತಾನೆ. ಸರಾಸರಿ ಇನ್ನೂ ಕುಸಿಯುತ್ತದೆ. 2001ರಲ್ಲಿ ಅವರಿಗೆ ನೊಬೆಲ್ ತಂದುಕೊಟ್ಟ ಈ ವಿಚಾರದ ಪ್ರಕಾರ, ಪಾರಾಗುವ ದಾರಿ ಗುಣವನ್ನು ಹೊರಗಿನಿಂದ ಕಾಣುವಂತೆ ಮಾಡುವುದು. ಹೊಸನಗರ, ಸಾಗರದ ಮನೆಗಳಲ್ಲಿ ಹಾಕುವ ಅಪ್ಪೆಮಿಡಿ ಉಪ್ಪಿನಕಾಯಿಗೆ ಇಂಥ ಎರಡು ಗುರುತುಗಳು ಸಿಗುತ್ತವೆ: ಅಪ್ಪೆಮಿಡಿಗೆ ಸಿಕ್ಕ ಭೌಗೋಳಿಕ ಸೂಚಿ, ಮತ್ತು ಲೇಬಲ್ಲಿನ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ನೋಂದಣಿ ಸಂಖ್ಯೆ. ಸಂಖ್ಯೆಯನ್ನು ಯಾರು ಬೇಕಾದರೂ ತಾಳೆ ನೋಡಬಹುದು. ಮಿಡಿಯ ತಳಿ ಅನಂತಭಟ್ಟನ ಅಪ್ಪೆಯೋ ಜೀರಿಗೆ ಮಿಡಿಯೋ ಎಂಬುದನ್ನು ಮಾತ್ರ ಮೂಗೇ ಹೇಳಬೇಕು.

ಹೆಗ್ಗೋಡಿನ ಚರಕ ಮಹಿಳಾ ಸಹಕಾರ ಸಂಘದ ಬಟ್ಟೆಗಳದ್ದು ಇನ್ನೊಂದು ಬಗೆ. ಅವಕ್ಕೆ ಬಣ್ಣ ಬರುವುದು ಗಿಡಮೂಲದಿಂದ. ಅಡಿಕೆಯ ಚೊಗರೂ ಅದರಲ್ಲಿ ಒಂದು. ನೈಸರ್ಗಿಕ, ಪರಿಸರಸ್ನೇಹಿ ಎಂಬ ಪದಗಳನ್ನು ಯಾವ ಕಾರ್ಖಾನೆಯಾದರೂ ಜಾಹೀರಾತಿಗೆ ಅಂಟಿಸಿಕೊಳ್ಳುವ ಕಾಲವಿದು. 2024ರ ಅಕ್ಟೋಬರ್ 15ರಂದು ಹೊರಟ ಹಸಿರು ಲೇಪನದ ವಿರುದ್ಧದ ಮಾರ್ಗಸೂಚಿ, ಅಂಥ ಪದ ಬಳಸಿದವರು ಅದಕ್ಕೆ ಪರಿಶೀಲಿಸಬಹುದಾದ ಆಧಾರವನ್ನೂ ಕೊಡಬೇಕೆನ್ನುತ್ತದೆ. ಹೆಗ್ಗೋಡಿಗೆ ಹೋದವರಿಗೆ ಬಣ್ಣದ ಹಂಡೆಯನ್ನೇ ತೋರಿಸಬಹುದಾದ ಸಂಘಕ್ಕೆ ಈ ನಿಯಮದಿಂದ ಭಾರವಿಲ್ಲ, ಬಲವಿದೆ. ಒಳ್ಳೆಯ ಬಟ್ಟೆ, ಒಳ್ಳೆಯ ಹೆಸರು ಇದ್ದ ಮಾತ್ರಕ್ಕೆ ವ್ಯಾಪಾರ ಸುಲಭವಾಗುವುದಿಲ್ಲವೆಂಬುದೂ ನಿಜ; 2020ರಲ್ಲಿ ಚರಕ ತಾನು ದಿವಾಳಿಯಾಗಿದ್ದೇನೆಂದು ಬಹಿರಂಗವಾಗಿಯೇ ಹೇಳಿಕೊಂಡಿತ್ತು. ಇಲ್ಲದ ಸರಕನ್ನು ಇದೆ ಎನ್ನುವವರ ನಡುವೆ, ಇಲ್ಲದ ಹಣವನ್ನು ಇಲ್ಲ ಎಂದ ಪ್ರಕಟಣೆಯೂ ಒಂದು ಬಗೆಯ ಅಪರೂಪದ ಜಾಹೀರಾತೇ.

ನೋಡುವವರ ವಿವರ ಸಂಗ್ರಹಿಸುವ ಕಡೆಗೂ ನಿಯಮಗಳು ಬರತೊಡಗಿವೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 18 ವರ್ಷದೊಳಗಿನವರ ಜಾಡು ಹಿಡಿದು ಅವರಿಗೆಂದೇ ಗುರಿಯಿಟ್ಟ ಜಾಹೀರಾತು ತೋರಿಸುವುದನ್ನು ತಡೆಯುತ್ತದೆ. ಅದರ ನಿಯಮಾವಳಿ ಪ್ರಕಟವಾದದ್ದು 2025ರ ನವೆಂಬರಿನಲ್ಲಿ; ಮುಖ್ಯ ಭಾಗಗಳು ಹಂತಹಂತವಾಗಿ ಜಾರಿಗೆ ಬರುತ್ತವೆ.

ಹರಾಜಿನ ಯಂತ್ರವನ್ನೇ ತಿದ್ದುವ ಕಡೆಗೆ ಭಾರತದಲ್ಲಿ ಇಟ್ಟ ಹೆಜ್ಜೆಗಳಲ್ಲಿ ಗಮನಾರ್ಹವಾದದ್ದು ಹೂಡಿಕೆಯ ಕ್ಷೇತ್ರದ್ದು. ಷೇರುಪೇಟೆಯ ನಿಯಂತ್ರಕ ಸೆಬಿ 2025ರ ಮಾರ್ಚ್‌ನಲ್ಲಿ ತನ್ನಲ್ಲಿ ನೋಂದಾಯಿತರಾದ ಸಂಸ್ಥೆಗಳಿಗೆಲ್ಲ ಒಂದು ಸೂಚನೆ ಕೊಟ್ಟಿತು: ಗೂಗಲ್, ಮೆಟಾದಂಥ ವೇದಿಕೆಗಳಲ್ಲಿ ಜಾಹೀರಾತು ಹಾಕಬೇಕಾದರೆ, ಸೆಬಿಯ ದಾಖಲೆಯಲ್ಲಿರುವ ಇಮೇಲ್ ಮತ್ತು ಮೊಬೈಲ್ ಸಂಖ್ಯೆಯಿಂದಲೇ ಖಾತೆ ತೆರೆಯಬೇಕು, ವೇದಿಕೆಗಳು ಅದನ್ನು ತಾಳೆ ನೋಡಿದ ಮೇಲೆ ಪ್ರಕಟಿಸಬೇಕು. ಜಾಹೀರಾತಿನ ಮಾತು ನಿಜವೋ ಸುಳ್ಳೋ ಎಂದು ಯಂತ್ರ ಈಗಲೂ ಅರಿಯದು, ಅರಿಯಬೇಕಾಗಿಯೂ ಇಲ್ಲ. ಚೀಲ ಯಾರದೆಂದು ಗೊತ್ತಾಗುತ್ತದೆ. ಬಣ್ಣ ಕಂಡುಬಂದರೆ ಯಾವ ಮನೆಗೆ ವಾಪಸು ಕಳಿಸಬೇಕೆಂದೂ ಗೊತ್ತಾಗುತ್ತದೆ. ಸದ್ಯಕ್ಕೆ ಸೆಬಿಯ ಈ ಸೂಚನೆ ಷೇರು ಮತ್ತು ಹೂಡಿಕೆಯ ಜಾಹೀರಾತಿಗೆ ಸೀಮಿತ. ಹದಿನೈದು ದಿನದಲ್ಲಿ ಸಕ್ಕರೆ ಕಾಯಿಲೆ ವಾಸಿ ಮಾಡುವವನು ಅದರ ವ್ಯಾಪ್ತಿಗೆ ಬರುವುದಿಲ್ಲ.